ಕೆಂಪು ಮುಚ್ಚಳದ ಡಬ್ಬಿ

ಎರಡನೆಯ ಪ್ರಯೋಗಾಲಯವೂ ಅದನ್ನೇ ಹೇಳಿತು. ಕೆಂಪು ಮುಚ್ಚಳದ ಡಬ್ಬಿಯಲ್ಲಿ ಪಾಷಾಣವಿದೆ.

ಫೋನಿನ ಆ ತುದಿಯಲ್ಲಿದ್ದವನು ಪಕ್ಕದ ದೇಶದ ರಸಾಯನಶಾಸ್ತ್ರಜ್ಞ. ಬಿಂದುವಿನ ಮುಂದಿನ ಅಂಕಿಗಾಗಿ ಜಗಳಕ್ಕೆ ನಿಲ್ಲುವ ಆಸಾಮಿ. ಕಚೇರಿಯಲ್ಲಿ ಎಲ್ಲರೂ ಅವನನ್ನು ದಶಮಾಂಶ ಎಂದೇ ಕರೆಯುತ್ತಿದ್ದರು. ಇವತ್ತು ಅವನು ಅಂಕಿಗಳ ಗೋಜಿಗೇ ಹೋಗಲಿಲ್ಲ.

"ನಿಮ್ಮ ಯಂತ್ರ ಸುಳ್ಳು ಹೇಳಿಲ್ಲ. ಆ ಮನೆ ಯಾವುದು ಅಂತ ನನಗೆ ಗೊತ್ತಾಗೋ ಹಾಗಿಲ್ಲ. ನಿಮಗೆ ಗೊತ್ತು. ಬೇಗ ಹೋಗಿ."

ಗೊತ್ತಿಲ್ಲದೆ ಏನು, ಈ ತುದಿಯಲ್ಲಿ ಫೋನು ಹಿಡಿದಿದ್ದವಳೇ ಆ ಡಬ್ಬಿಯನ್ನು ಹೊತ್ತು ತಂದವಳು. ಊರ ತುಂಬ ಮನೆಮನೆಗೆ ಅಲೆದು ಡಬ್ಬಿ ಕೂಡಿಸುವುದೇ ಅವಳ ಕೆಲಸವಾದ್ದರಿಂದ ಜನರ ಬಾಯಲ್ಲಿ ಅವಳು ಡಬ್ಬಿ ಮೇಡಂ.

ದಿನದಿನದ ಊಟದ ಜೊತೆ ಎಷ್ಟು ವಿಷ ಹೊಟ್ಟೆ ಸೇರುತ್ತಿದೆ ಎಂದು ನಾಲ್ಕು ದೇಶಗಳು ಕೂಡಿ ಅಳೆಯುತ್ತಿದ್ದವು. ವಿಧಾನ ಸರಳ. ಮನೆಯಲ್ಲಿ ಯಾರು ಏನು ಉಂಡರೋ ಅದನ್ನೇ, ಅಷ್ಟನ್ನೇ, ತಮ್ಮ ಬಣ್ಣದ ಡಬ್ಬಿಗೂ ಹಾಕಿಡಬೇಕು. ತಮ್ಮ ಮನೆಯ ಹುಳುಕನ್ನು ಯಾರೂ ತಾವಾಗಿ ಹೇಳಿಕೊಳ್ಳುವುದಿಲ್ಲವಲ್ಲ, ಹಾಗಾಗಿ ಪ್ರತಿ ಡಬ್ಬಿಯ ಅರ್ಧ ಭಾಗ ಪಕ್ಕದ ದೇಶಕ್ಕೆ ಹೋಗುತ್ತಿತ್ತು. ಎರಡು ಕಡೆಯೂ ಒಂದೇ ಉತ್ತರ ಬಂದರೆ ಮಾತ್ರ ನಂಬುವುದು.

ಆ ಮನೆಯಲ್ಲಿ ಮೂವರು. ಅತ್ತೆಯದು ಕೆಂಪು ಮುಚ್ಚಳ, ಸೊಸೆಯದು ನೀಲಿ, ಮಗನದು ಬಿಳಿ. ನೀರಿನಲ್ಲೋ ಧಾನ್ಯದಲ್ಲೋ ವಿಷವಿದ್ದರೆ ಮೂರರಲ್ಲೂ ಇರಬೇಕಿತ್ತು. ಇದ್ದದ್ದು ಕೆಂಪಿನಲ್ಲಿ ಮಾತ್ರ. ಅಂದರೆ ಯಾರೋ ಹಾಕುತ್ತಿದ್ದಾರೆ. ಅತ್ತೆಗೆ ಬಡಿಸುವವಳು ಸೊಸೆ.

ಅವಳು ನಿರ್ದೇಶಕರ ಕೋಣೆಗೆ ನುಗ್ಗಿದಳು.

"ಪೊಲೀಸಿಗೆ ಹೇಳೋಣ ಸರ್."

"ಹೆಸರು ಹೊರಗೆ ಬಿಡಲ್ಲ ಅಂತ ಜನಕ್ಕೆ ಮಾತು ಕೊಟ್ಟಿದ್ದೀವಮ್ಮ. ಬಿಟ್ಟರೆ ನಾಲ್ಕೂ ದೇಶದಲ್ಲಿ ಇನ್ಯಾರು ಬಾಗಿಲು ತೆಗೀತಾರೆ? ನಾಳೆ ಸಮಿತಿ ಸೇರಲಿ."

ಸಮಿತಿ ಸೇರುವವರೆಗೆ ಮುದುಕಿ ಉಸಿರಾಡುತ್ತಿರಬೇಕಲ್ಲ! ಅವಳು ಚೀಲ ಹೆಗಲಿಗೇರಿಸಿ ಹೊರಬಿದ್ದಳು. ಬಸ್ಸಿನಲ್ಲಿ ಕೂತರೂ ಕಾಲು ನಿಲ್ಲಲಿಲ್ಲ. ಪಕ್ಕದವರು ಎರಡು ಸಲ ತಿರುಗಿ ನೋಡಿದರು.

ಬಾಗಿಲು ತೆಗೆದವಳು ಸೊಸೆ. ತಲೆಗೆ ಬಟ್ಟೆ ಸುತ್ತಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. ಕಣ್ಣು ಗುಳಿಬಿದ್ದಿದ್ದವು. ನಿದ್ದೆ ಹೇಗೆ ಬಂದೀತು ಮಹಾತಾಯಿಗೆ, ಎಂದುಕೊಂಡಳು ಡಬ್ಬಿ ಮೇಡಂ.

"ಬನ್ನಿ ಬನ್ನಿ, ಸರಿಯಾಗಿ ಊಟದ ಹೊತ್ತಿಗೇ ಬಂದ್ರಿ," ಎಂದು ಮಗ ನಗುತ್ತಾ ಕುರ್ಚಿ ಎಳೆದ.

ಸೊಸೆ ಅತ್ತೆಯ ಮುಂದೆ ತಟ್ಟೆ ಇಟ್ಟಳು. ಇಟ್ಟವಳೇ ಗೋಡೆ ಹಿಡಿದು ನಿಂತಳು. ಡಬ್ಬಿ ಮೇಡಂ ತಡಮಾಡಲಿಲ್ಲ. ಎದ್ದು ತಿರುಗುವ ನೆಪದಲ್ಲಿ ಚೀಲ ಬೀಸಿದಳು, ತಟ್ಟೆ ನೆಲಕ್ಕುರುಳಿತು.

"ಅಯ್ಯೋ, ನನ್ನ ಕೈಗಿಷ್ಟು! ಇರಿ, ನಾನೇ ಬಡಿಸ್ತೀನಿ," ಎಂದು ಪಾತ್ರೆಯಿಂದ ಬೇರೆ ತಟ್ಟೆಗೆ ತಾನೇ ಹಾಕಿಕೊಟ್ಟಳು. ಮುದುಕಿ ಗಡದ್ದಾಗಿ ಉಂಡು, ಇನ್ನೊಮ್ಮೆ ಹಾಕಿಸಿಕೊಂಡಳು. ಕೆಂಪು ಡಬ್ಬಿ ಯಾವಾಗಲೂ ಅರ್ಧ ಖಾಲಿ ಬರುತ್ತಿತ್ತು. ಪಾಪ, ಮನೆಗೆ ಯಾರಾದರೂ ಬಂದ ದಿನವೇ ಇವರಿಗೆ ಹೊಟ್ಟೆ ತುಂಬ ಊಟವೇನೋ.

ಮಗ ಅಡುಗೆಮನೆಯಿಂದ ಹೆಂಡತಿಯ ತಟ್ಟೆಯನ್ನು ತಾನೇ ತಂದುಕೊಟ್ಟ. "ಇವಳಿಗೆ ತನ್ನ ಊಟದ ಮೇಲೆ ಗಮನವೇ ಇಲ್ಲ ಮೇಡಂ. ಡಬ್ಬೀನೂ ನಾನೇ ತುಂಬಬೇಕು," ಎನ್ನುತ್ತಾ ಪಾತ್ರೆಯಿಂದ ನೀಲಿ ಡಬ್ಬಿಗೆ ಅಳತೆಯಾಗಿ ಬಡಿಸಿ, ಅಂಚು ಒರೆಸಿ, ಮುಚ್ಚಳ ಒತ್ತಿದ. ಆಮೇಲೆ ಹೆಂಡತಿಯ ಪಕ್ಕ ಕೂತು ಪುಸಲಾಯಿಸಿದ. "ಎರಡು ತುತ್ತು ತಿನ್ನೇ. ನನಗೋಸ್ಕರ."

ಇಂಥ ಗಂಡನಿಗೆ ಇಂಥ ಹೆಂಡತಿ! ಡಬ್ಬಿ ಮೇಡಂಗೆ ಅವನನ್ನು ನೋಡಿ ಕರುಳು ಚುರುಕ್ಕೆಂದಿತು. ಸೊಸೆ ಒಂದೆರಡು ತುತ್ತು ನುಂಗಿ ತಟ್ಟೆ ಸರಿಸಿದಳು. ಮಾಡುತ್ತಿರುವ ಕೆಲಸ ಗಂಟಲಿಗೆ ಅಡ್ಡ ನಿಂತಿರಬೇಕು.

ಮುದುಕಿ ಎದ್ದಳು. ಮೂವರ ತಟ್ಟೆಯನ್ನೂ ಬಳಿದುಕೊಂಡು, ತನ್ನ ಕೆಂಪು ಡಬ್ಬಿಯನ್ನೂ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಈ ವಯಸ್ಸಿನಲ್ಲಿ ಅತ್ತೆಯ ಕೈಲಿ ಎಂಜಲು ತಟ್ಟೆ ತೊಳೆಸುತ್ತಾಳೆ! ಡಬ್ಬಿ ಮೇಡಂಗೆ ಮೈ ಉರಿದುಹೋಯಿತು. ಹಿಂದೆಯೇ ಹೋಗಿ, ನಲ್ಲಿ ಜೋರಾಗಿ ತಿರುಗಿಸಿ, ಪಿಸುಗುಟ್ಟಿದಳು.

"ಅಜ್ಜೀ, ಗಾಬರಿ ಆಗ್ಬೇಡಿ. ಇವತ್ತಿಂದ ಸೊಸೆ ಬಡಿಸಿದ್ದು ಬಾಯಿಗೆ ಹಾಕ್ಬೇಡಿ. ನಿಮ್ಮ ಡಬ್ಬಿಯಲ್ಲಿ ಪಾಷಾಣ ಸಿಕ್ಕಿದೆ."

ಮುದುಕಿ ಚೀರಲಿಲ್ಲ. ಒದ್ದೆ ಕೈಯಲ್ಲಿ ಅವಳ ಮುಂಗೈ ಹಿಡಿದಳು.

"ಎರಡು ದೇಶದವರೂ ನೋಡಿದ್ರಾ?"

"ನೋಡಿದ್ರು."

"ತಪ್ಪಾಗಿರೋಕೆ ಸಾಧ್ಯವೇ ಇಲ್ವಾ?"

"ಇಲ್ಲ ಅಜ್ಜೀ."

ಮುದುಕಿ ಕಟ್ಟೆಗೆ ಒರಗಿದಳು. ಮುಖ ಒಂದು ಕ್ಷಣದಲ್ಲಿ ಬಾಡಿಹೋಯಿತು. "ಸುಳ್ಳಾಗಲಿ, ಸುಳ್ಳಾಗಲಿ ಅಂತ ಎಷ್ಟು ಬೇಡ್ಕೊಂಡೆ," ಎಂದಳು. ಕಣ್ಣೀರು ಗಲ್ಲದ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ. "ಮೊದಲು ನನ್ನ ಸೊಸೇನ ಆಸ್ಪತ್ರೆಗೆ ಸೇರಿಸಮ್ಮ. ಆಮೇಲೆ ಪೊಲೀಸರನ್ನ ಕರಿ."

"ಸೊಸೇನಾ? ಆಸ್ಪತ್ರೆಗೆ ಯಾಕೆ?"

"ಆ ಡಬ್ಬೀಲಿ ನನ್ನ ಊಟ ಒಂದು ದಿನವೂ ಇರಲಿಲ್ಲ. ಅವಳು ತಟ್ಟೇಲಿ ಬಿಟ್ಟದ್ದನ್ನೇ ಬಳಿದು ತುಂಬ್ತಿದ್ದೆ," ಎಂದಳು ಮುದುಕಿ. "ಆ ತಟ್ಟೆಗೆ ಬಡಿಸೋನು ನನ್ನ ಮಗ."