ಸವೆಯದ ಹಿಮ್ಮಡಿ

"ಅಮೃತವನ್ನು ಎಡಗೈಯಲ್ಲಿ ತಳ್ಳಿಬಿಟ್ಟೆ ಅಕ್ಕಾ! ನಾನು ಬೇಡ ಅಂದ ಸದ್ದಿಗೆ ಮೂರು ಲೋಕ ನಡುಗಿ, ಸಮುದ್ರ ಒಂದು ಗಳಿಗೆ ಉಪ್ಪನ್ನೇ ಮರೆತುಬಿಡ್ತು!"

ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಆ ಬೆಳಿಗ್ಗೆಯಷ್ಟೇ ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೆ. ಚಪ್ಪಲಿ ಹೊಲಿಯುವುದರಲ್ಲಿ ಭೂಮಂಡಲದಲ್ಲಿ ನನ್ನ ಸರಿಸಾಟಿ ಯಾರೂ ಇಲ್ಲ. ಮಾತು ಹೊಲಿಯುವುದರಲ್ಲಿ ಅದಕ್ಕೂ ಒಂದು ಕೈ ಮೇಲು. ಉಸಿರಿಗೆ ಒದ್ದಾಡುತ್ತಿದ್ದವಳನ್ನು ನಗಿಸಬೇಕಿತ್ತು.

"ಯಾರೋ ತಂದ್ಕೊಟ್ಟಿದ್ದು ನಿನಗೆ ಅಮೃತ?"

"ಚಿರಂಜೀವಿ! ಬೆಟ್ಟದಷ್ಟು ಆಳು. ತಲೆ ತಾಗೀತು ಅಂತ ಅಂಗಡಿ ಬಾಗಿಲನ್ನೇ ಎತ್ತಿ ಪಕ್ಕಕ್ಕಿಟ್ಟು ಒಳಗೆ ಬಂದ. ಮೋಡಕ್ಕೆ ಸಿಕ್ಕಿ ಚಪ್ಪಲಿ ಪಟ್ಟಿ ಕಿತ್ತಿತ್ತಂತೆ. ತಿರುಗಿಸಿ ನೋಡ್ತೀನಿ, ಸಾವಿರ ವರ್ಷ ನಡೆದಿದಾನೆ, ಹಿಮ್ಮಡಿ ಕೂದಲೆಳೆಯಷ್ಟೂ ಸವೆದಿಲ್ಲ! ಒಂದು ಗುಟುಕು ಕುಡಿ, ನೀನೂ ಹೀಗೇ ಇರ್ತೀಯ ಅಂದ. ಸ್ವಾಮಿ, ಹಿಮ್ಮಡಿ ಸವೆಯದ ಊರಲ್ಲಿ ನನಗೇನು ಕೆಲಸ, ನಿಮ್ಮ ಅಮೃತ ನೀವೇ ಇಟ್ಕೊಳ್ಳಿ ಅಂದೆ."

ಅಕ್ಕ ನಕ್ಕಳು. ನಗು ಕೆಮ್ಮಾಯಿತು. ಬೆನ್ನು ಸವರಿದೆ, ಒಂದೊಂದು ಮೂಳೆಯೂ ಕೈಗೆ ಸಿಕ್ಕಿತು.

"ಚಿಕ್ಕೋನಿದ್ದಾಗ ಕಹಿ ಕಷಾಯಾನೂ ಅಕ್ಕನಿಗಿಂತ ನನಗೇ ಜಾಸ್ತಿ ಬೇಕು ಅಂತ ರಂಪ ಮಾಡ್ತಿದ್ದೋನು ನೀನು. ಅಮೃತ ಬಿಟ್ಯಾ?"

"ಬಿಟ್ಟೆ. ನನ್ನದು ಆಕಾಶದಂಥ ಮನಸ್ಸು!"

"ಹೋಗ್ಲಿ, ನಮ್ಮಕ್ಕನಿಗೊಂದು ಗುಟುಕು ಕೊಡಪ್ಪಾ ಅಂತ ಕೇಳೋಕೇನಾಗಿತ್ತು?" ಉಸಿರೆಳೆದುಕೊಂಡು ಕೇಳಿದಳು, "ಗುಣ ಆಗ್ತಿದೆ ಅಂತ ತಾನೆ ಕಣೋ ನನ್ನನ್ನ ಮನೆಗೆ ಕಳಿಸಿದ್ದು?"

ಆಕಾಶಕ್ಕೇ ತೇಪೆ ಹಾಕುವ ನಾನು ಮುಖ ತಿರುಗಿಸಿ ಅವಳ ಹೊದಿಕೆಯ ಅಂಚು ಸರಿಮಾಡತೊಡಗಿದೆ. ಅವಳು ನನ್ನ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿದಳು.

"ನಿಜ ಹೇಳೋ. ಯಾರು ಬಂದಿದ್ರು?"

"ಯಾರೂ ಬರ್ಲಿಲ್ಲಕ್ಕಾ. ಡಾಕ್ಟರು ನನ್ನನ್ನ ಪಕ್ಕಕ್ಕೆ ಕರೆದ್ರು. ಇನ್ನು ಔಷಧಿ ನಾಟಲ್ಲ, ಉಸಿರು ನಿಲ್ಲೋ ಹೊತ್ತಿಗೆ ಮಷಿನ್‌ಗೆ ಹಾಕ್ತೀವಿ, ಎಷ್ಟು ದಿನ ಬೇಕಾದ್ರೂ ಉಸಿರಾಡ್ತಾ ಇರ್ತಾರೆ, ಆದ್ರೆ ಕಣ್ಣು ಬಿಡಲ್ಲ ಅಂದ್ರು."

ಅವಳ ಕೈ ಇನ್ನೂ ನನ್ನ ಗಲ್ಲದ ಮೇಲೇ ಇತ್ತು.

"ಅವರು ಕೊಡ್ತೀವಿ ಅಂದಿದ್ದು ನಿನಗೆ ಅಕ್ಕಾ. ಬೇಡ ಅಂದೋನು ನಾನು."