ಬೇಕೇ ಬೇಕು

“ಆ ಒಂಟಿ ಚೀಟಿ ಏನು ಮೇಡಂ? ಓದಿ ನೋಡೋಣ,” ಎಂದರು ತರಬೇತಿ ಕೊಡುತ್ತಿದ್ದವರು.

ಮಕ್ಕಳಿಗೆ ಮನೆಖರ್ಚಿನ ಪಾಠ ಹೇಳುವುದನ್ನು ಕಲಿಯಲು ಬಂದಿದ್ದ ಗಣಿತದ ಟೀಚರ್, ತನ್ನ ಮನೆಯ ಖರ್ಚುಗಳನ್ನೇ ಚೀಟಿಗಳಲ್ಲಿ ಬರೆದು ಬೋರ್ಡಿಗೆ ಚುಚ್ಚಿದ್ದಳು. ‘ಬೇಕೇ ಬೇಕು’ ಎಂಬುದರ ಕೆಳಗೆ ಮಗಳ ಫೀಸು, ಅತ್ತೆಯ ಮಾತ್ರೆ, ಯಜಮಾನರ ಹೊಸ ಫೋನು. ‘ಆಮೇಲೆ ನೋಡೋಣ’ದ ಕೆಳಗೆ ಅದೊಂದೇ.

ಚೀಟಿಯನ್ನು ಕಿತ್ತು ಕಣ್ಣ ಹತ್ತಿರ ತಂದಳು. ತೋಳು ಚಾಚಿ ದೂರ ಹಿಡಿದಳು. ಕಿಟಕಿಯ ಬೆಳಕಿಗೂ ತಿರುಗಿಸಿದಳು. “ಬರೆದೋರು ನೀವೇ ಅಲ್ವಾ ಟೀಚರ್?” ಎಂದು ಡ್ರಾಯಿಂಗ್ ಮಾಸ್ತರು ಕಿಚಾಯಿಸಿದಾಗ ಕ್ಲಾಸಿಗೆ ಕ್ಲಾಸೇ ನಕ್ಕಿತು.

“ಕನ್ನಡಕ,” ಎಂದಳು, ನೆನಪಿನಿಂದ.

ಅವಳು ಚೀಟಿ ಹಿಡಿದು ‘ಬೇಕೇ ಬೇಕು’ ಕಡೆಗೆ ನಡೆದಳು. ಪಿನ್ನು ಎಲ್ಲೋ ಬಿದ್ದುಹೋಗಿತ್ತು. ಯಜಮಾನರ ಫೋನಿನ ಚೀಟಿಯ ಪಿನ್ನನ್ನೇ ಕಿತ್ತುಕೊಂಡಳು.