ಹನ್ನೊಂದು ವರ್ಷದ ದಾಂಪತ್ಯ

“ಪ್ರತಿವರ್ಷ ಬರೋ ಮನೆ ಅಂತೀರಿ. ದಾರಿನೇ ಗೊತ್ತಿಲ್ವಲ್ರೀ?” ಕಚೇರಿಯ ಮೇಡಂ ಕೇಳಿದರು.

ಸಮೀಕ್ಷಕ ಅತ್ತಿತ್ತ ನೋಡಿದ. ಒಂದೇ ಗಲ್ಲಿಯೊಳಗೆ ಎರಡನೇ ಸಲ ಹೊಕ್ಕಿದ್ದರು. “ಹೊಸ ಕಟ್ಟಡ ಎದ್ದುಬಿಟ್ಟಿವೆ ಮೇಡಂ, ಗುರುತೇ ಸಿಗ್ತಿಲ್ಲ,” ಎಂದ. ಅಲ್ಲಿದ್ದ ಕಟ್ಟಡಗಳೆಲ್ಲ ಅವನಿಗಿಂತ ವಯಸ್ಸಾದವು.

ನಿಜ ಹೇಳಬೇಕೆಂದರೆ ಆ ಮನೆಯ ಬಾಗಿಲು ಅವನ ಪಾಲಿಗೆ ಒಮ್ಮೆಯೂ ತೆರೆದಿರಲಿಲ್ಲ. ಅವನದು ಕುಟುಂಬ ಸಮೀಕ್ಷೆಯ ಕಚೇರಿ. ಅದೇ ದಂಪತಿಗಳ ಬಳಿ ವರ್ಷಕ್ಕೊಮ್ಮೆ ಹೋಗಿ, ಇನ್ನೂ ಒಟ್ಟಿಗಿದ್ದೀರಾ, ಎಷ್ಟು ವರ್ಷವಾಯಿತು ಎಂದು ಕೇಳಿ ಬರೆದುಕೊಳ್ಳುವ ಕೆಲಸ. ಮೊದಲ ವರ್ಷ ಇಲ್ಲಿಗೆ ಬಂದಾಗಲೆಲ್ಲ ಬೀಗ. ಬೀಗದ ಮನೆಗಳು ಜಾಸ್ತಿಯಾದವೆಂದು ಅದಾಗಲೇ ಬೈಸಿಕೊಂಡಿದ್ದ. ಟೀ ಅಂಗಡಿಯಲ್ಲಿ ಕೂತು ಒಂದು ಜೋಡಿಯನ್ನು ಹುಟ್ಟಿಸಿಬಿಟ್ಟ. ಗೋಡೆಯ ಮೇಲಿದ್ದ ಎರಡು ಕ್ಯಾಲೆಂಡರುಗಳಿಂದ ಅರ್ಧರ್ಧ ಹೆಸರು ತೆಗೆದು ಗಂಡನಿಗೆ ಅಂಟಿಸಿದ. ಮದುವೆಯಾಗಿ ಮೂರು ವರ್ಷ ಎಂದು ಬರೆದ. ಆಮೇಲೆ ಈ ಗಲ್ಲಿಗೆ ಕಾಲಿಟ್ಟಿರಲಿಲ್ಲ.

ಒಂದೇ ಸಲದ ಸಮೀಕ್ಷೆಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಹಾಗಲ್ಲ, ಹುಟ್ಟಿಸಿದವನೇ ವರ್ಷ ವರ್ಷ ಸಾಕಬೇಕು. ಗಂಡ ಹೆಂಡತಿಯನ್ನು ಬೇರೆ ಮಾಡೋಣವೆಂದರೆ, ಬೇರೆಯಾದ ಇಬ್ಬರನ್ನೂ ಅವರವರ ಹೊಸ ವಿಳಾಸದಲ್ಲಿ ಹುಡುಕಿ ಕೇಳಬೇಕೆಂಬುದು ನಿಯಮ. ಒಂದು ಸುಳ್ಳು ಎರಡಾಗುತ್ತಿತ್ತು. ಒಬ್ಬರನ್ನು ಸಾಯಿಸೋಣವೆಂದರೆ ಮರಣ ಪ್ರಮಾಣಪತ್ರ ಬೇಕು. ಹಾಗಾಗಿ ಅವರಷ್ಟು ಹೊಂದಿಕೊಂಡು ಬಾಳಿದ ಜೋಡಿ ಇಡೀ ಊರಲ್ಲಿರಲಿಲ್ಲ. ಸ್ವಂತ ಹೆಂಡತಿಯೊಡನೆ ಮಾತು ಬಿಟ್ಟ ದಿನವೂ ಅವನು ಅವರನ್ನು ಚೆನ್ನಾಗಿಯೇ ಇಟ್ಟಿದ್ದ.

ಕಚೇರಿಯಿಂದ ಪ್ರತಿ ಜೋಡಿಗೂ ವರ್ಷಕ್ಕೊಂದು ಕಾರ್ಡು ಹೋಗುತ್ತಿತ್ತು. ‘ಶ್ರೀಯುತ ಇಂಥವರಿಗೂ ಅವರ ಶ್ರೀಮತಿಯವರಿಗೂ, ಇಷ್ಟು ವರ್ಷದ ಸಹಬಾಳ್ವೆಗೆ ಶುಭಾಶಯ’ ಎಂದು. ಈ ಮನೆಯ ಕಾರ್ಡು ಒಂದು ಸಲವೂ ವಾಪಸ್ ಬರಲಿಲ್ಲ. ಅಂಚೆಯವನ ಸೋಮಾರಿತನಕ್ಕೆ ಅವನು ಮನಸ್ಸಿನಲ್ಲೇ ಕೈಮುಗಿದಿದ್ದ.

ಹೋದ ವರ್ಷ ಸಾಕಾಗಿ, ‘ಉತ್ತರ ಸಿಗಲಿಲ್ಲ’ ಎಂದು ಬರೆದ. ಆ ವರ್ಷ ಕಾರ್ಡೂ ಹೋಗಲಿಲ್ಲ. ಸದ್ದಿಲ್ಲದೆ ಕಳಚಿಕೊಳ್ಳುತ್ತಾರೆ ಎಂದುಕೊಂಡ. ಅಲ್ಲೇ ಎಡವಿದ್ದು. ಯಾವ ದಾಂಪತ್ಯ ಎಷ್ಟು ವರ್ಷ ಬಾಳಿತು ಎಂಬ ಲೆಕ್ಕ ಮೇಡಂ ಅವರದು. ಅಷ್ಟು ಗಟ್ಟಿಯಾಗಿದ್ದ ಜೋಡಿ ದಿಢೀರನೆ ಮೌನವಾದರೆ, ಮುರಿಯಿತೋ ಉಳಿಯಿತೋ?

“ನಡುವೆ ಒಂದು ವರ್ಷ ಬಿಟ್ಟುಹೋದ್ರೆ ನಾನು ಊಹೆ ಮಾಡಿ ತುಂಬಲ್ಲ. ಹೋಗಿ ಕೇಳ್ತೀನಿ,” ಎಂದು ಅವರು ಬೆಳಿಗ್ಗೆ ಚೀಲ ಹೆಗಲಿಗೇರಿಸಿದ್ದರು. ಸುಳ್ಳು ಉತ್ತರ ಬರೆದ ಇನ್ನೊಬ್ಬನನ್ನು ಎಲ್ಲರೆದುರೇ ಪೊಲೀಸರು ಕರೆದೊಯ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಬರುವ ತಿಂಗಳು ಅವನ ಕೆಲಸ ಕಾಯಂ ಆಗುವುದಿತ್ತು. ಹೆಂಡತಿ ತವರಿಗೆಲ್ಲ ಡಂಗುರ ಸಾರಿಯಾಗಿತ್ತು.

ಕೊನೆಗೂ ಮನೆ ಸಿಕ್ಕಿತು. ಗೇಟಿನ ಮೇಲೆ ಮಾಸಿದ ಬೋರ್ಡು: ಬಾಡಿಗೆಗೆ, ಸಂಸಾರಸ್ಥರಿಗೆ ಮಾತ್ರ. ಕೆಳಗೆ ಕುರ್ಚಿಯಲ್ಲಿದ್ದ ಮನೆ ಮಾಲೀಕ ಕತ್ತೆತ್ತಿದ.

“ಮೇಲಿನ ಮನೆಗಾ? ಹೋಗಿ ಹೋಗಿ. ಯಜಮಾನ್ರು ಸಿಕ್ಕಿದ್ರೆ ನಂಗೂ ಹೇಳಿ, ಮಾತಾಡೋದಿದೆ.”

ಯಾವ ಯಜಮಾನ? ಸಮೀಕ್ಷಕ ಮೇಡಂ ಹಿಂದೆ ಮೆಟ್ಟಿಲು ಹತ್ತಿದ. ಮೇಲೆ, ಬಾಗಿಲ ಪಕ್ಕದಲ್ಲಿ ಗಂಡಸಿನ ಒಂದು ಜೊತೆ ಶೂ. ಹಳೆಯ ಮಾದರಿ, ಆದರೆ ಒಂದು ಸುಕ್ಕೂ ಇಲ್ಲ. ಹಗ್ಗದ ಮೇಲೆ ಒಂದು ಅಂಗಿ. ಅಂಗಡಿಯ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಬೀಗ ಮಾತ್ರ ಇರಲಿಲ್ಲ.

ಮೇಡಂ ಬೆಲ್ ಒತ್ತಿದರು.

ಬಾಗಿಲು ತೆರೆದವಳು ನಲವತ್ತರ ಆಸುಪಾಸಿನ ಹೆಂಗಸು. ಕೊರಳಲ್ಲಿ ಟೇಪು, ಒಳಗೆ ಹೊಲಿಗೆ ಯಂತ್ರ. “ಕುಟುಂಬ ಸಮೀಕ್ಷೆಯವರು,” ಎಂದು ಮೇಡಂ ಹೇಳುತ್ತಿದ್ದಂತೆ ಅವಳ ಕಣ್ಣು ಅವನ ಮೇಲೆ ನೆಟ್ಟಿತು.

“ಬನ್ನಿ ಸಾರ್,” ಎಂದಳು, ಕೆಳಗಿನವರೆಗೂ ಕೇಳುವಷ್ಟು ಜೋರಾಗಿ. “ಹೋದ ವರ್ಷ ನೀವು ಸಿಗಲೇ ಇಲ್ಲ?”

ಅವನು ಹೊಸ್ತಿಲು ದಾಟಲಿಲ್ಲ.

“ಯಜಮಾನ್ರ ಹೆಸರು?” ಮೇಡಂ ಕೇಳಿದರು.

ಅವಳು ಹೇಳಿದಳು. ಎರಡು ಕ್ಯಾಲೆಂಡರುಗಳಿಂದ ಅವನು ಹೊಂದಿಸಿದ ಅದೇ ಹೆಸರು. ಅವನಿಗೆ ಕೆಲಸ, ಪೊಲೀಸು ಎಲ್ಲ ಮರೆತುಹೋಯಿತು. ಇದು ಬೇರೆಯದೇ ಹೆದರಿಕೆ. ಒಳಕೋಣೆಯ ಪರದೆ ಗಾಳಿಗೆ ಅಲುಗಿದಾಗ ಅವನು ಎರಡು ಹೆಜ್ಜೆ ಹಿಂದೆ ಸರಿದ. ಆ ಗಂಡಸು ಈಗ ಹೊರಗೆ ಬರುತ್ತಾನೆ, ಬಂದು ತನ್ನನ್ನು ಗುರುತು ಹಿಡಿಯುತ್ತಾನೆ.

“ಮದುವೆ ಆಗಿ ಎಷ್ಟು ವರ್ಷ?”

ಅವಳು ಗೋಡೆಯ ಕಡೆ ಒಮ್ಮೆ ನೋಡಿ ಬೆರಳು ಮಡಚಿದಳು. ಅಲ್ಲಿ ಕಚೇರಿಯ ಕಾರ್ಡುಗಳು, ಎಲ್ಲವೂ ಬಾಗಿಲಿಗೆ ಮುಖ ಮಾಡಿ ಸಾಲಾಗಿದ್ದವು. “ಹನ್ನೊಂದು.”

ಲೆಕ್ಕ ಸರಿಯಾಗಿತ್ತು.

“ಅಂದ್ರೆ ಹೋದ ವರ್ಷನೂ ಒಟ್ಟಿಗೇ ಇದ್ರಿ?”

“ನಾವೆಲ್ಲಿ ಹೋಗ್ತೀವಿ ಮೇಡಂ! ಒಂದು ದಿನ ಬೇರೆ ಇದ್ದೋರಲ್ಲ. ಈಗ ಮಾತ್ರ ಕೆಲಸದ ಮೇಲೆ ಪರಊರಿಗೆ ಹೋಗಿದಾರೆ.”

ಮೇಡಂ ಖಾಲಿ ಜಾಗ ತುಂಬಿದರು. ಅವರ ಮುಖದಲ್ಲಿ ಮೊದಲ ಸಲ ನಗು ಕಂಡಿತು. “ನಿಮ್ಮನ್ನ ಸುಮ್ನೆ ಅನುಮಾನಿಸಿದೆ ಕಣ್ರೀ,” ಎಂದು ಅವನಿಗೆ ಹೇಳಿ ಮೆಟ್ಟಿಲಿಳಿದರು.

ಅವನೂ ಓಡಬೇಕೆಂದಿದ್ದ. ಅವಳು ತೋಳು ಹಿಡಿದಳು.

“ಈ ವರ್ಷ ಕಾರ್ಡು ತಪ್ಪಿಸಬೇಡಿ ಸಾರ್,” ಎಂದಳು ಪಿಸುಮಾತಿನಲ್ಲಿ. “ಹೋದ ವರ್ಷದ್ದು ಬರದಾಗಿಂದ ಓನರ್‌ಗೆ ಅನುಮಾನ. ಒಂಟಿ ಹೆಂಗಸು ಅಂತ ಗೊತ್ತಾದ್ರೆ ಇವತ್ತೇ ಮನೆ ಖಾಲಿ ಮಾಡಿಸ್ತಾರೆ. ನಿಮ್ಮ ಕಾರ್ಡಲ್ಲಿರೋರನ್ನ ಬಿಟ್ರೆ ನನಗೆ ಬೇರೆ ಗಂಡ ಇಲ್ಲ.”